ದೊಡ್ಡ ಕಾನ್ಸರ್ಟ್‌ಗಳ ಕಾಲದಲ್ಲಿ ಸಣ್ಣ ವೇದಿಕೆಯ ಲೆಕ್ಕ

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2025ರ ಫೆಬ್ರುವರಿ 9ರಂದು ಬ್ರಿಟನ್ನಿನ ಗಾಯಕ ಎಡ್ ಶೀರನ್ ಗಿಟಾರ್ ಹಿಡಿದು ಫುಟ್‌ಪಾತ್ ಮೇಲೆ ನಿಂತು ಹಾಡತೊಡಗಿದರು. ಸ್ವಲ್ಪ ಹೊತ್ತಿಗೇ ಪೊಲೀಸರೊಬ್ಬರು ಬಂದು ಮೈಕಿನ ವೈರ್ ಕಿತ್ತರು. ಅನುಮತಿ ಇತ್ತು ಎಂದು ಗಾಯಕ ಹೇಳಿದರು. ಅದು ಜನದಟ್ಟಣೆಯ ಜಾಗ, ಅನುಮತಿ ಕೊಟ್ಟಿರಲಿಲ್ಲ ಎಂದು ಪೊಲೀಸರು ಹೇಳಿದರು. ವಿಡಿಯೊ ದೇಶವೆಲ್ಲ ಸುತ್ತಿತು, ಮೀಮ್‌ಗಳು ಹರಿದವು, ಆಮೇಲೆ ಎಲ್ಲರೂ ಮರೆತರು. ಎಡ್ ಶೀರನ್‌ಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಹಿಂದಿನ ದಿನ ಮತ್ತು ಅಂದು ಸಂಜೆ ಅದೇ ಊರಿನಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು ಅವರ ಹಾಡು ಕೇಳಿದರು.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಸಂಜೆಗೆ ಬೇರೆ ಮೈದಾನವೇ ಕಾದಿಲ್ಲದ, ಹೆಸರೇ ಕೇಳಿರದ ಕನ್ನಡದ ತಂಡವೊಂದು ಆ ಜಾಗದಲ್ಲಿ ನಿಂತಿದ್ದರೆ? ಆ ವೈರ್ ಕಿತ್ತ ಮೇಲೆ ಅವರು ಎಲ್ಲಿಗೆ ಹೋಗಿ ಹಾಡಬೇಕು?

ಇದೇ ಹೊತ್ತಿನಲ್ಲಿ 'ಕಾನ್ಸರ್ಟ್ ಎಕಾನಮಿ' ಎಂಬ ಹೊಸ ಪದ ನಮ್ಮ ಕಿವಿಗೆ ಬಿದ್ದಿದೆ. 2025ರ ಜನವರಿ 25 ಮತ್ತು 26ರಂದು ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡ ಹಾಡಿದಾಗ ದಿನಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಎರಡೇ ದಿನಗಳ ಬಳಿಕ ಭುವನೇಶ್ವರದ ಹೂಡಿಕೆ ಸಮಾವೇಶದಲ್ಲಿ ಪ್ರಧಾನಿಯವರು ಇದನ್ನೇ ಉದಾಹರಿಸಿ, ರಾಜ್ಯಗಳು ಇಂಥ ಕಾರ್ಯಕ್ರಮಗಳಿಗೆ ಸೌಲಭ್ಯ ಒದಗಿಸಬೇಕು ಎಂದರು. ನಮ್ಮ ಮೈಸೂರೇ ನೋಡಿ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಯುವ ದಸರಾ 2024ರಲ್ಲಿ ಊರ ಹೊರಗಿನ ಉತ್ತನಹಳ್ಳಿಯ ವಿಶಾಲ ಬಯಲಿಗೆ ಹೋಯಿತು. ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜ ಬಂದರು. ನಾನೂ ಹೋಗಿದ್ದೆ, ಖುಷಿಪಟ್ಟೆ. ದೊಡ್ಡ ಕಾನ್ಸರ್ಟ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಲಕ್ಷ ಜನರ ಮುಂದೆ ಹಾಡುವ ತಂಡ ಮೊದಲು ನಲವತ್ತು ಜನರ ಮುಂದೆ ಹಾಡಿರಬೇಕಲ್ಲ? ಆ ನಲವತ್ತು ಜನರ ವೇದಿಕೆ ನಮ್ಮ ರಾಜ್ಯದಲ್ಲಿ ಈಗ ಎಲ್ಲಿದೆ ಎಂದು ಹುಡುಕಿದರೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಈ ಬರಹ ಆ ಹುಡುಕಾಟದ ಬಗ್ಗೆ.

ಏಳು ವರ್ಷ ಹಾಡಿದ ಮೇಲೆ ಒಂದು ಆಲ್ಬಂ

ಕರ್ನಾಟಕದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. 'ಸ್ವರಾತ್ಮ' ತಂಡ ಹುಟ್ಟಿದ್ದು 2002ರಲ್ಲಿ. ಮೈಸೂರಿನ ವಾಸು ದೀಕ್ಷಿತ್ ಅದರ ಮುಖ್ಯ ಗಾಯಕ. ಜಾನಪದದ ಧಾಟಿ, ಗಿಟಾರು, ಪಿಟೀಲು, ಡ್ರಮ್ಸ್, ನಮ್ಮ ನೆಲದ ತಾಳವಾದ್ಯ ಎಲ್ಲ ಸೇರಿದ ಸಂಗೀತ ಅವರದು. ಹಾಡುಗಳು ಕನ್ನಡದಲ್ಲೂ ಹಿಂದಿಯಲ್ಲೂ ಇವೆ. ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಲೆಕ್ಕ ಹಾಕಿ, ಏಳು ವರ್ಷ. ಅಷ್ಟರಲ್ಲಿ ಸದಸ್ಯರು ಬದಲಾದರು, ಹಾಡುಗಳು ಬದಲಾದವು. ವೇದಿಕೆ ಹತ್ತುವುದು ಮಾತ್ರ ನಿಲ್ಲಲಿಲ್ಲ.

ಈ ಏಳು ವರ್ಷಗಳಲ್ಲಿ ತಂಡಕ್ಕೆ ತಿರುವು ಕೊಟ್ಟದ್ದು 2006ರ 'ರೇಡಿಯೊ ಸಿಟಿ ಲೈವ್' ಸ್ಪರ್ಧೆ. ಅದನ್ನು ಗೆದ್ದ ಮೇಲೆ ಹೊರಗಿನ ಊರುಗಳವರಿಗೂ ಹೆಸರು ತಿಳಿಯಿತು. 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ 'ಸೌಂಡ್‌ಪ್ಯಾಡ್' ಯೋಜನೆಗೆ ಭಾರತದಿಂದ ನಾಲ್ಕು ತಂಡಗಳು ಆಯ್ಕೆಯಾದವು. ಸ್ವರಾತ್ಮ ಅದರಲ್ಲೊಂದು. ಜಾನ್ ಲೆಕಿ ಎಂಬ ಹೆಸರಾಂತ ನಿರ್ಮಾಪಕರ ಜೊತೆ ರೆಕಾರ್ಡಿಂಗ್ ಆಯಿತು, ಬ್ರಿಟನ್ನಿನ ಸಂಗೀತೋತ್ಸವಗಳಲ್ಲಿ ಹಾಡುವ ಅವಕಾಶ ಸಿಕ್ಕಿತು. 2011ರಲ್ಲಿ 'ದಿ ಡ್ಯೂರಿಸ್ಟ್ಸ್' ಸರಣಿಯಲ್ಲಿ ಹಿಂದೂಸ್ತಾನಿ ಗಾಯಕಿ ಶುಭಾ ಮುದ್ಗಲ್ ಜೊತೆ ಹಾಡಿದರು. 2012ರಲ್ಲಿ 'ಟೋಪಿವಾಲೆ', 2018ರಲ್ಲಿ 'ರಾಹ್-ಎ-ಫಕೀರಾ' ಆಲ್ಬಂಗಳು ಬಂದವು.

ಈ ಪಟ್ಟಿಯನ್ನು ಸಾಧನೆಯ ಮೆಟ್ಟಿಲುಗಳಂತೆ ಓದಬಹುದು. ನಾನು ಇನ್ನೊಂದು ರೀತಿ ಓದುತ್ತೇನೆ. ಇಲ್ಲಿರುವ ಒಂದೊಂದು ವೇದಿಕೆಯ ಅಳತೆಯೂ ಬೇರೆ, ಕೇಳುಗರೂ ಬೇರೆ. ಸ್ಪರ್ಧೆಯಲ್ಲಿ ಕೆಲವೇ ನಿಮಿಷಗಳಲ್ಲಿ ತೀರ್ಪುಗಾರರಿಗೆ ನಾವು ಯಾರು ಎಂದು ತೋರಿಸಬೇಕು. ಕಾಲೇಜು ಉತ್ಸವದಲ್ಲಿ ಸಿನಿಮಾ ಹಾಡಿಗೆ ಕಾಯುತ್ತಿರುವ ಹುಡುಗರನ್ನು ಹಿಡಿದಿಡಬೇಕು. ವಿದೇಶದ ಉತ್ಸವದಲ್ಲಿ ಭಾಷೆಯೇ ಬಾರದವರ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಯಾವ ಸ್ಟುಡಿಯೊದಲ್ಲೂ ಇದನ್ನು ಕಲಿಸುವುದಿಲ್ಲ.

ಸ್ವರಾತ್ಮ ವೇದಿಕೆಯಲ್ಲಿ ಕಾಣುವ ರೀತಿಯಲ್ಲೇ ಈ ಕಲಿಕೆ ಗೊತ್ತಾಗುತ್ತದೆ. ಬಣ್ಣಬಣ್ಣದ ಉಡುಪು, ನಮ್ಮ ಕೀಲುಕುದುರೆಯನ್ನು ನೆನಪಿಸುವ ಕುದುರೆ ವೇಷ, ಹಾಡಿನ ನಡುವೆ ಸಣ್ಣ ನಾಟಕ, ಜನರ ಜೊತೆ ಮಾತು. ಇದು ಬರೀ ಅಲಂಕಾರ ಎಂದು ಹೇಳುವವರಿದ್ದಾರೆ. ಬಯಲಾಟ ನೋಡಿ ಬೆಳೆದವರಿಗೆ ಹಾಗನ್ನಿಸುವುದಿಲ್ಲ. ಹಾಡು, ವೇಷ, ಮಾತು, ಕುಣಿತ ಬೇರೆಬೇರೆ ಎಂಬ ಎಣಿಕೆ ನಮ್ಮ ಜಾನಪದದಲ್ಲಿ ಇರಲೇ ಇಲ್ಲ. ಜನರನ್ನು ಹಿಡಿದಿಡುವ ಆ ಹಳೆಯ ವಿದ್ಯೆಯನ್ನು ತಂಡ ಹೊಸ ವಾದ್ಯಗಳ ಜೊತೆ ಸೇರಿಸಿತು.

ವಸ್ತುವಿನಲ್ಲೂ ಹಾಗೆಯೇ. ಕಾವೇರಿ ನೀರಿನ ಜಗಳವನ್ನು ನದಿಯ ಕಡೆಯಿಂದ ನೋಡುವ 'ಪ್ಯಾಸಿ' ಎಂಬ ಹಾಡು ಅವರದು. ಮೈಸೂರು, ಮಂಡ್ಯದ ಹುಡುಗರಿಗೆ ಕಾವೇರಿ ಎಂದರೆ ಬಂದ್, ರಸ್ತೆ ತಡೆ, ರಜೆ ಸಿಕ್ಕ ಕಾಲೇಜು. ಅದೇ ವಿಷಯವನ್ನು ವೇದಿಕೆಯ ಮೇಲೆ ಎರಡೂ ರಾಜ್ಯದವರು ಕೇಳುವಂತೆ ಹಾಡುವುದು ಸುಲಭವಲ್ಲ. ಜನರ ಮುಖ ನೋಡುತ್ತ ಹಾಡಿ ಹಾಡಿ ಪಳಗಿದವರಿಗಷ್ಟೇ ಅದು ಸಾಧ್ಯ.

'ಆ್ಯಕ್ಷನ್ ರಿಪ್ಲೇ' ಎಂಬ ಹೆಸರಿನಲ್ಲಿ ತಂಡ ಇನ್ನೊಂದು ಕೆಲಸ ಮಾಡಿತು. ಟಿಕೆಟ್ ಕೊಂಡು ಸಂಗೀತ ಕೇಳಲು ಬರಲಾರದವರ ಬಳಿಗೆ ತಾವೇ ಹೋಗಿ ಹಾಡಿದರು. ಹೆಸರು ಬಂದ ಮೇಲೂ ಸಣ್ಣ ವೇದಿಕೆಯನ್ನು ಬಿಡದಿರುವುದು ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ.

ಕ್ಲಬ್ಬಿನಿಂದ ವಿಂಡ್ಸರ್‌ವರೆಗೆ

ಇದೇ ಕಾಲದಲ್ಲಿ ಬೆಳೆದ 'ರಘು ದೀಕ್ಷಿತ್ ಪ್ರಾಜೆಕ್ಟ್' ಕತೆಯೂ ಇದನ್ನೇ ಹೇಳುತ್ತದೆ. ಕಂಪನಿಗಳ ಬಾಗಿಲು ತಟ್ಟಿ ವರ್ಷಗಟ್ಟಲೆ ಕಾದರೂ ತೆರೆಯಲಿಲ್ಲ. ಕೊನೆಗೆ ಮುಂಬೈನ ಕ್ಲಬ್ಬೊಂದರಲ್ಲಿ ಹಾಡುತ್ತಿದ್ದಾಗ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕೇಳಿ ಮೆಚ್ಚಿ, 2008ರಲ್ಲಿ ತಮ್ಮದೇ ಲೇಬಲ್‌ನಿಂದ ಆಲ್ಬಂ ಹೊರತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಆ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, 2012ರಲ್ಲಿ ಬ್ರಿಟನ್ ರಾಣಿಯ ವಜ್ರಮಹೋತ್ಸವದ ಅಂಗವಾಗಿ ವಿಂಡ್ಸರ್‌ನಲ್ಲಿ ಕಾರ್ಯಕ್ರಮ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫಜ್ಜನ ತತ್ತ್ವಪದಗಳು ಲುಂಗಿ ಉಟ್ಟು ಗೆಜ್ಜೆ ಕಟ್ಟಿದ ತಂಡದ ಜೊತೆ ಇಂಗ್ಲೆಂಡ್ ತಲುಪಿದ್ದು ಹೀಗೆ.

ಷರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವಥ್ ಅವರನ್ನೂ ಇಲ್ಲಿ ನೆನೆಯಬೇಕು. 2005ರಲ್ಲಿ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಬೆಂಗಳೂರಿನ ಅರಮನೆ ಮೈದಾನ ತುಂಬಿತ್ತು. ಕನ್ನಡದ ಪದ್ಯ ಕೇಳಲು ಜನ ಬರುವುದಿಲ್ಲ ಎಂಬ ಮಾತಿಗೆ ಅಂದೇ ಉತ್ತರ ಸಿಕ್ಕಿದೆ. ಅರಮನೆ ಮೈದಾನಕ್ಕೆ ಮೊದಲು ಅಶ್ವಥ್ ಎಷ್ಟು ಶಾಲೆ, ಕಾಲೇಜು, ಸಂಘ, ಗಣೇಶೋತ್ಸವಗಳ ಪೆಂಡಾಲಿನಲ್ಲಿ ಹಾಡಿದ್ದರು ಎಂಬುದನ್ನು ನಮ್ಮ ಅಪ್ಪ–ಅಮ್ಮಂದಿರ ತಲೆಮಾರಿನವರನ್ನು ಕೇಳಿ ನೋಡಿ.

ಬ್ರಿಟನ್ನಿನಲ್ಲೂ ಇದು ಹೀಗೇ. ಬ್ಯಾಂಜೊ ನುಡಿಸುತ್ತ ಜಾನಪದ ಧಾಟಿಯ ಹಾಡು ಕಟ್ಟಿದ 'ಮಮ್ಫರ್ಡ್ ಆ್ಯಂಡ್ ಸನ್ಸ್' 2007ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಆ ತಂಡದ ಬೆನ್ ಲವೆಟ್ ಮತ್ತು ಗೆಳೆಯರು 2006ರಿಂದಲೇ ನಾಟಿಂಗ್ ಹಿಲ್ ಆರ್ಟ್ಸ್ ಕ್ಲಬ್ಬಿನಲ್ಲಿ 'ಕಮ್ಯೂನಿಯನ್' ಎಂಬ ಹೆಸರಿನಲ್ಲಿ ಹೊಸ ಗಾಯಕರ ಸಂಜೆಗಳನ್ನು ನಡೆಸುತ್ತಿದ್ದರು. ಅಂಥ ಸಣ್ಣ ಕೋಣೆಗಳಲ್ಲಿ ಪಳಗಿದ ತಂಡ 2009ರಲ್ಲಿ ಮೊದಲ ಆಲ್ಬಂ ತಂದು, 2013ರಲ್ಲಿ ಗ್ಲಾಸ್ಟನ್‌ಬರಿಯ ಮುಖ್ಯ ವೇದಿಕೆಯಲ್ಲಿ ಉತ್ಸವದ ಪ್ರಮುಖ ಆಕರ್ಷಣೆಯಾಗಿ ಹಾಡಿತು. ನಡುವೆ ರಾಜಸ್ಥಾನಿ ಜಾನಪದ ಕಲಾವಿದರ 'ಧರೋಹರ್ ಪ್ರಾಜೆಕ್ಟ್' ಜೊತೆ ಸೇರಿ ಹಾಡುಗಳನ್ನೂ ತಂದಿತು. ಅಲ್ಲಿ ಪ್ರತಿಭೆ ಹೆಚ್ಚು, ಇಲ್ಲಿ ಕಡಿಮೆ ಎಂದೇನೂ ಇಲ್ಲ. ಅಲ್ಲಿ ವಾರದ ಯಾವುದೋ ಸಂಜೆ, ಯಾವುದೋ ಕೋಣೆಯಲ್ಲಿ ಹಾಡಲು ಜಾಗ ಸಿಗುತ್ತಿತ್ತು, ಅಷ್ಟೇ.

'ಲೈವ್ ಬ್ಯಾಂಡ್' ಎಂದರೆ ಯಾರು?

ನಮ್ಮ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್' ಎಂಬ ಪದ ಕಂಡರೆ ಸಾಮಾನ್ಯವಾಗಿ ಅದು ಅಪರಾಧ ಸುದ್ದಿ. ಬಾರ್ ಮೇಲೆ ದಾಳಿ, ಪರವಾನಗಿ ಇಲ್ಲದ ನೃತ್ಯ, ಇಂಥದ್ದೇ. ಈ ಹಣೆಪಟ್ಟಿಗೆ ಕಾನೂನಿನ ಹಿನ್ನೆಲೆಯೂ ಇದೆ. ಬೆಂಗಳೂರು ಪೊಲೀಸರು ಕರ್ನಾಟಕ ಪೊಲೀಸ್ ಕಾಯ್ದೆಯಡಿ 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಆದೇಶವೊಂದನ್ನು ತಂದರು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ಎಲ್ಲವೂ ಅದರ ಅಡಿಗೆ ಬಂದವು. ರೆಸ್ಟೋರೆಂಟ್ ಮಾಲೀಕರ ಸಂಘ ಪ್ರಶ್ನಿಸಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಜನವರಿಯಲ್ಲಿ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಬೆಂಗಳೂರಿನ ಹಲವು ರೆಸ್ಟೋರೆಂಟು, ಪಬ್ಬುಗಳಲ್ಲಿ ಲೈವ್ ಸಂಗೀತ ನಿಂತಿತು. ಕಟ್ಟಡದ ಸ್ವಾಧೀನಾನುಭವ ಪ್ರಮಾಣಪತ್ರ ಸೇರಿ ಹಲವು ದಾಖಲೆ ಕೊಡಲಾಗದ ಸಣ್ಣ ಜಾಗಗಳಿಗೆ ಪರವಾನಗಿ ಕೈಗೆಟುಕಲಿಲ್ಲ. ಸ್ವತಂತ್ರ ತಂಡಗಳಿಗೆ ನೆಲೆಯಾಗಿದ್ದ ಇಂದಿರಾನಗರದ 'ದಿ ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಮುಚ್ಚಿತು.

ನಿಯಮವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅಗ್ನಿ ಸುರಕ್ಷತೆ ಬೇಕು, ಅಕ್ಕಪಕ್ಕದ ಮನೆಯವರ ನಿದ್ದೆ ಕೆಡಬಾರದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ಜನಸಂದಣಿಯ ಬಗ್ಗೆ ಹಗುರಾಗಿ ಮಾತಾಡುವ ಧೈರ್ಯ ಯಾರಿಗೂ ಇಲ್ಲ. ರಾಜ್ಯ ಸರ್ಕಾರ ಅದೇ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆಯನ್ನು ಸದನದಲ್ಲಿ ಮಂಡಿಸಿತು. ನನ್ನ ತಕರಾರು ಇಷ್ಟೇ: ಐವತ್ತು ಸಾವಿರ ಜನರ ಮೈದಾನಕ್ಕೂ ಐವತ್ತು ಕುರ್ಚಿಯ ಕೋಣೆಗೂ ಒಂದೇ ಭಯದಿಂದ ನಿಯಮ ಮಾಡಿದರೆ ಮೈದಾನ ಉಳಿಯುತ್ತದೆ, ಕೋಣೆ ಸಾಯುತ್ತದೆ. ಮೈದಾನದವರ ಬಳಿ ವಕೀಲರಿದ್ದಾರೆ, ಇವೆಂಟ್ ಕಂಪನಿಯಿದೆ. ಕೋಣೆಯವರ ಬಳಿ ಎರಡು ಸ್ಪೀಕರ್ ಮತ್ತು ಒಂದು ಅರ್ಜಿ ಮಾತ್ರ ಇರುತ್ತದೆ.

ನಮ್ಮ ತಂಡದ ಜಮಾ–ಖರ್ಚು

ಇದೆಲ್ಲ ನನಗೆ ದೂರದ ವಿಷಯವಲ್ಲ. ನಾನು ಮೈಸೂರಿನಲ್ಲಿ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ನಾವು ಐವರು ಗೆಳೆಯರು ಸೇರಿ ಎರಡು ವರ್ಷದಿಂದ ಒಂದು ಸಣ್ಣ ತಂಡ ನಡೆಸುತ್ತಿದ್ದೇವೆ. ಇಬ್ಬರದು ಗಿಟಾರು, ಒಬ್ಬನದು ಕಂಸಾಳೆ, ಒಬ್ಬಳು ಹಾಡುತ್ತಾಳೆ, ನಾನು ದಮ್ಮಡಿ ಬಡಿಯುತ್ತೇನೆ. ಮಂಟೇಸ್ವಾಮಿ, ಮಾದಪ್ಪನ ಪದಗಳ ಜೊತೆ ನಾವೇ ಬರೆದ ಆರೇಳು ಹಾಡುಗಳಿವೆ.

ಕಳೆದ ವರ್ಷ ಜಿಲ್ಲೆಯೊಂದರ ಕಾಲೇಜು ಉತ್ಸವಕ್ಕೆ ಕರೆದರು. ಸಂಭಾವನೆ 12,000 ರೂಪಾಯಿ. ವಾಹನಕ್ಕೆ 5,500, ಊಟ–ತಿಂಡಿಗೆ 1,200, ತಂತಿ, ಬ್ಯಾಟರಿ, ಬಾಡಿಗೆ ಮೈಕು ಎಂದು 800. ಉಳಿದದ್ದು 4,500. ಐವರಿಗೆ ಹಂಚಿದರೆ ತಲೆಗೆ 900 ರೂಪಾಯಿ. ಆ ಹಣ ಕೈಗೆ ಬಂದದ್ದು ನಾಲ್ಕು ತಿಂಗಳ ಬಳಿಕ. ಅದೇ ಸಂಜೆ ನಮ್ಮ ಬಳಿಕ ಬಂದ ಡಿಜೆಗೆ ಅದರ ಹಲವು ಪಟ್ಟು ಹಣವನ್ನು ಮುಂಗಡವಾಗಿಯೇ ಕೊಟ್ಟಿದ್ದರು. ನಮಗೆ ಕೊಟ್ಟ ಸಮಯ ನಲವತ್ತು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಮೈಕು ಕಿರುಚುವುದನ್ನು ನಿಲ್ಲಿಸುವುದರಲ್ಲೇ ಕಳೆಯಿತು. ಸೌಂಡ್ ಚೆಕ್‌ಗೆ ಸಮಯ ಇಟ್ಟಿರಲಿಲ್ಲ. ಹೀಗಿದ್ದೂ ಕೊನೆಯ ಎರಡು ಹಾಡಿಗೆ ಹಿಂದಿನ ಸಾಲಿನವರೂ ಎದ್ದು ಬಂದರು. ಯಾವ ಹಾಡನ್ನು ಮೊದಲಿಡಬೇಕು, ಯಾವುದನ್ನು ಕೊನೆಗಿಡಬೇಕು ಎಂದು ನಮಗೆ ತಿಳಿದದ್ದು ಅವತ್ತೇ.

ಹಾಡನ್ನು ಆ್ಯಪ್‌ಗೆ ಹಾಕಿ, ಹಣ ಬರುತ್ತದೆ ಎಂದು ಹಲವರು ಸಲಹೆ ಕೊಡುತ್ತಾರೆ. ಹಾಕಿದ್ದೇವೆ. ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯೂ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ರಾಯಲ್ಟಿ ಕೊಡುವುದಿಲ್ಲ. ನಮ್ಮ ಎರಡು ಹಾಡುಗಳಲ್ಲಿ ಆ ಗಡಿ ದಾಟಿದ್ದು ಒಂದೇ, ಅದರಿಂದ ಬಂದ ಹಣ ಐವರ ಮಸಾಲೆ ದೋಸೆಗೆ ಸಾಲಲಿಲ್ಲ. ಆದ್ದರಿಂದ ಹೊಸ ತಂಡಕ್ಕೆ ಆ್ಯಪ್ ವಿಳಾಸದ ಚೀಟಿಯಿದ್ದಂತೆ. ಸಂಪಾದನೆ ಏನಿದ್ದರೂ ವೇದಿಕೆಯಿಂದಲೇ ಬರಬೇಕು.

ಈಗ ನಮ್ಮ ಗಿಟಾರ್ ವಾದಕನೊಬ್ಬನಿಗೆ ಬೆಂಗಳೂರಿನ ಕಂಪನಿಯಿಂದ ಆಫರ್ ಲೆಟರ್ ಬಂದಿದೆ. ಹಾಡುವವಳು ಕೆ–ಸೆಟ್‌ಗೆ ಓದುತ್ತಿದ್ದಾಳೆ. ಮನೆಗಳಲ್ಲಿ 'ಇದೆಲ್ಲ ಎಷ್ಟು ದಿನ?' ಎಂಬ ಪ್ರಶ್ನೆ ಶುರುವಾಗಿದೆ. ಡಿಸೆಂಬರ್ ಒಳಗೆ ಸಂಭಾವನೆ ಇರುವ ಆರು ಕಾರ್ಯಕ್ರಮ ಸಿಕ್ಕರೆ ಇನ್ನೊಂದು ವರ್ಷ ಮುಂದುವರಿಯುವುದು, ಇಲ್ಲವಾದರೆ ನಿಲ್ಲಿಸುವುದು ಎಂದು ನಾವು ಮಾತಾಡಿಕೊಂಡಿದ್ದೇವೆ. ಇವತ್ತಿಗೆ ನಾಲ್ಕು ಸಿಕ್ಕಿವೆ. ಸ್ವರಾತ್ಮ ಏಳು ವರ್ಷ ನಿಂತಿತು ಎಂದು ಓದುವಾಗ ನನಗೆ ಮೊದಲು ಬರುವ ಯೋಚನೆ ಅವರ ಪ್ರತಿಭೆಯ ಬಗ್ಗೆ ಅಲ್ಲ, ಆ ಏಳು ವರ್ಷಗಳ ಮನೆ ಬಾಡಿಗೆಯ ಬಗ್ಗೆ.

ಜಾತ್ರೆಯ ಪಾಠ

ಹಾಗೆಂದು ಕರ್ನಾಟಕದಲ್ಲಿ ಸಣ್ಣ ವೇದಿಕೆ ಇಲ್ಲವೇ ಇಲ್ಲ ಎನ್ನಲಾಗದು. ಉತ್ತರ ಕರ್ನಾಟಕದ ಜಾತ್ರೆಗಳಿಗೆ ಹೋಗಿ ನೋಡಿ. ಅಲ್ಲಿನ ರಸಮಂಜರಿ ಕಾರ್ಯಕ್ರಮಗಳಲ್ಲಿ ಜನಪದ ಗಾಯಕರು ರಾತ್ರಿ ಪೂರ್ತಿ ಹಾಡುತ್ತಾರೆ. ಮಾಳು ನಿಪನಾಳ ಅವರ 'ನಾ ಡ್ರೈವರ' ಹಾಡು ಯೂಟ್ಯೂಬಿನಿಂದ ಟ್ರ್ಯಾಕ್ಟರ್ ಡೆಕ್ಕುಗಳಿಗೆ, ಅಲ್ಲಿಂದ ಬೆಂಗಳೂರಿನ ಕಾಲೇಜು ಹಾಸ್ಟೆಲುಗಳಿಗೆ ಬಂತು. ಇವರಿಗೆ ರೆಕಾರ್ಡ್ ಕಂಪನಿಯ ದಯೆ ಬೇಕಾಗಲಿಲ್ಲ. ಊರಿನವರು ಪಟ್ಟಿ ಎತ್ತಿ ಕರೆಸುತ್ತಾರೆ, ಹಣ ಕೊಡುತ್ತಾರೆ, ಮುಂದಿನ ವರ್ಷ ಮತ್ತೆ ಕರೆಯುತ್ತಾರೆ. 'ಇಂಡಿ' ಎಂಬ ಇಂಗ್ಲಿಷ್ ಪದಕ್ಕೆ ಸ್ವತಂತ್ರ ಎಂಬುದೇ ಅರ್ಥವಾದರೆ, ನಮ್ಮ ನಾಡಿನ ನಿಜವಾದ ಇಂಡಿ ಜಾನಪದ ಈ ಜಾತ್ರೆಯ ಹಲಗೆಗಳ ಮೇಲಿದೆ. ಕರಾವಳಿಯ ಯಕ್ಷಗಾನ ಮೇಳಗಳೂ ಹರಕೆ ಆಟ, ಟಿಕೆಟಿನ ಆಟಗಳ ಮೇಲೆ ತಲೆಮಾರುಗಳಿಂದ ನಡೆದುಬಂದಿವೆ.

ನಗರದ ತಂಡಗಳು ಇದರಿಂದ ಕಲಿಯಬೇಕಾದದ್ದಿದೆ. ಜಾತ್ರೆಗೆ ಕ್ಯಾಲೆಂಡರ್ ಇದೆ. ಇಂಥ ಊರಿನಲ್ಲಿ ಇಂಥ ತಿಂಗಳು ಹಾಡಲು ಅವಕಾಶ ಇದೆ ಎಂಬುದು ಕಲಾವಿದನಿಗೆ ಮೊದಲೇ ಗೊತ್ತು. ನಗರದ ತಂಡಕ್ಕೆ ಮುಂದಿನ ತಿಂಗಳು ಏನು ಎಂಬುದು ಗೊತ್ತಿರುವುದಿಲ್ಲ. ಒಂದು ದೊಡ್ಡ ಅವಕಾಶಕ್ಕಿಂತ ತಿಂಗಳಿಗೆ ಎರಡರಂತೆ ಖಚಿತವಾದ ಸಣ್ಣ ಅವಕಾಶಗಳು ತಂಡವನ್ನು ಹೆಚ್ಚು ಕಾಲ ಉಳಿಸುತ್ತವೆ.

ಜಾನಪದ ಹಾಡುವ ನಾವೆಲ್ಲ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ. ಹಾಡು ಗೆದ್ದಾಗ ಗೆದ್ದವರು ಯಾರು? 2012ರ ತಿದ್ದುಪಡಿಯ ಬಳಿಕ ಕೃತಿಸ್ವಾಮ್ಯ ಕಾಯ್ದೆ ಗೀತರಚನೆಕಾರರಿಗೆ, ಸಂಯೋಜಕರಿಗೆ ರಾಯಲ್ಟಿಯ ಹಕ್ಕನ್ನು ಗಟ್ಟಿಮಾಡಿದೆ. ಆದರೆ ಕರ್ತೃ ಯಾರೆಂದು ತಿಳಿಯದ ಮಾದಪ್ಪನ ಪದಕ್ಕೆ ಈ ಹಕ್ಕು ಅನ್ವಯಿಸುವುದಿಲ್ಲ. ಆ ಪದವನ್ನು ತಂಬೂರಿ ಹಿಡಿದು ಕಾಪಾಡಿಕೊಂಡು ಬಂದ ನೀಲಗಾರರು, ದೇವರಗುಡ್ಡರಿಗೆ ನಮ್ಮ ಸಂಭಾವನೆಯಲ್ಲಿ ಪಾಲು ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನಮ್ಮ ತಂಡ ಪದ ಕಲಿಸಿದ ಹಿರಿಯರ ಹೆಸರನ್ನು ಪ್ರತಿ ಕಾರ್ಯಕ್ರಮದಲ್ಲೂ ಹೇಳುತ್ತದೆ, ವರ್ಷಕ್ಕೊಮ್ಮೆ ಅವರನ್ನು ನಮ್ಮ ಜೊತೆಗೇ ವೇದಿಕೆಗೆ ಕರೆದು ಸಮಪಾಲು ಕೊಡುತ್ತದೆ. ಆ 900 ರೂಪಾಯಿಯಲ್ಲಿ ಕೊಡುವುದೆಷ್ಟು ಎಂದು ನಗಬೇಡಿ. ಹಣ ಹೆಚ್ಚಾದ ಮೇಲೆ ಈ ಅಭ್ಯಾಸ ಶುರುಮಾಡುವುದು ಕಷ್ಟ.

ಏನು ಮಾಡಬಹುದು?

ಸರ್ಕಾರದ ಕಡೆಯಿಂದ ಮೊದಲು. ಬ್ರಿಟನ್ನಿನಲ್ಲಿ ಸಣ್ಣ ಸಂಗೀತ ತಾಣಗಳ ಪರವಾಗಿ 'ಮ್ಯೂಸಿಕ್ ವೆನ್ಯೂ ಟ್ರಸ್ಟ್' ಕೆಲಸ ಮಾಡುತ್ತಿದೆ. ಅಹಮದಾಬಾದಿನಲ್ಲಿ ಹಾಡಿಹೋದ ಅದೇ ಕೋಲ್ಡ್‌ಪ್ಲೇ, ತನ್ನ 2025ರ ಬ್ರಿಟನ್ ಕ್ರೀಡಾಂಗಣ ಕಾರ್ಯಕ್ರಮಗಳ ಗಳಿಕೆಯಲ್ಲಿ ಶೇ 10ರಷ್ಟನ್ನು ಈ ಟ್ರಸ್ಟ್‌ಗೆ ಕೊಡುವುದಾಗಿ ಪ್ರಕಟಿಸಿತು. ಫ್ರಾನ್ಸಿನಲ್ಲಿ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಗಳಿಕೆಯ ಮೇಲೆ ಶೇ 3.5ರ ತೆರಿಗೆ ಇದ್ದು, ಅದು ಸಂಗೀತ ಕ್ಷೇತ್ರಕ್ಕೇ ಮರಳುತ್ತದೆ. ಕಾನ್ಸರ್ಟ್ ಎಕಾನಮಿ ಬೆಳೆಸುತ್ತೇವೆ ಎನ್ನುವ ನಮ್ಮ ಸರ್ಕಾರಗಳು ದೊಡ್ಡ ಟಿಕೆಟಿನ ಒಂದು ಸಣ್ಣ ಪಾಲನ್ನು ಸಣ್ಣ ವೇದಿಕೆಗೆ ಯಾಕೆ ಇಡಬಾರದು? ಹಲವು ಜಿಲ್ಲೆಗಳಲ್ಲಿ ರಂಗಮಂದಿರ ಇದ್ದೇ ಇದೆ. ಅದನ್ನು ತಿಂಗಳಿಗೊಂದು ಸಂಜೆ, ಸ್ಪೀಕರ್ ಸಹಿತ, ಹೊಸ ತಂಡಗಳಿಗೆ ಬಿಟ್ಟುಕೊಟ್ಟರೆ ಹೊಸ ಕಟ್ಟಡವೇ ಬೇಕಿಲ್ಲ. ನೂರು ಜನರೊಳಗಿನ ಕಾರ್ಯಕ್ರಮಕ್ಕೆ ಒಂದೇ ಅರ್ಜಿ, ಒಂದೇ ಕಿಟಕಿ ಸಾಕು.

ಈಗಾಗಲೇ ಇರುವ ಅನುಕೂಲಗಳನ್ನೂ ತಿಳಿದಿರೋಣ. 500 ರೂಪಾಯಿಯೊಳಗಿನ ಸಂಗೀತ ಕಾರ್ಯಕ್ರಮದ ಟಿಕೆಟಿಗೆ ಜಿಎಸ್‌ಟಿ ಇಲ್ಲ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದಲ್ಲಿ ಕಲಾವಿದರು ಕೊಡುವ ಪ್ರದರ್ಶನಕ್ಕೆ 1.5 ಲಕ್ಷ ರೂಪಾಯಿವರೆಗಿನ ಸಂಭಾವನೆಯೂ ವಿನಾಯಿತಿಯಲ್ಲಿದೆ. ನೂರು ರೂಪಾಯಿ ಟಿಕೆಟಿಟ್ಟು ಕಾರ್ಯಕ್ರಮ ಮಾಡಲು ಹೊರಟ ಕಾಲೇಜು ಸಂಘಕ್ಕೆ ತೆರಿಗೆಯ ಭಯ ಬೇಡ.

ಇನ್ನು ನಮ್ಮ ಪಾಲು. ಕಾಲೇಜು ಉತ್ಸವದ ಬಜೆಟ್ ನಿರ್ಧರಿಸುವ ಸಮಿತಿಯಲ್ಲಿ ವಿದ್ಯಾರ್ಥಿಗಳಾದ ನಾವೇ ಇರುತ್ತೇವೆ. ಡಿಜೆಗೆ ಇಟ್ಟ ಹಣದಲ್ಲಿ ಐದನೇ ಒಂದು ಭಾಗವನ್ನು ಸ್ವಂತ ಹಾಡು ಹಾಡುವ ಸ್ಥಳೀಯ ತಂಡಕ್ಕೆ ಇಡಿ ಎಂದು ಕೇಳುವುದು ದೊಡ್ಡ ಕ್ರಾಂತಿಯಲ್ಲ. ಹಣವನ್ನು ಅದೇ ದಿನ ಕೊಡಿ. ಸೌಂಡ್ ಚೆಕ್‌ಗೆ ಅರ್ಧ ಗಂಟೆ ಬಿಡಿ. 'ಹಣ ಇಲ್ಲ, ಆದರೆ ಪ್ರಚಾರ ಸಿಗುತ್ತದೆ' ಎಂಬ ಮಾತನ್ನು ಅಡುಗೆಯವರಿಗೆ, ಪೆಂಡಾಲಿನವರಿಗೆ ಯಾರೂ ಹೇಳುವುದಿಲ್ಲ. ಹಾಡುವವರಿಗೂ ಹೇಳಬೇಡಿ. ಮೈಸೂರಿನ ಬಯಲು ರಂಗಮಂದಿರದಲ್ಲಿ ದಸರೆಗೆ ಮೊದಲು ನಡೆಯುವ ಯುವ ಸಂಭ್ರಮದಲ್ಲಿ ನೂರಾರು ಕಾಲೇಜು ತಂಡಗಳು ಬರುತ್ತವೆ. ಹೆಚ್ಚಿನವು ರೆಕಾರ್ಡ್ ಹಾಡಿಗೆ ಕುಣಿಯುತ್ತವೆ. ಅದರಲ್ಲಿ ದಿನಕ್ಕೆರಡು ತಂಡ ತಾವೇ ನುಡಿಸಿ ಹಾಡುವಂತಾದರೆ ಎಷ್ಟು ಹೊಸ ಹಾಡು ಹುಟ್ಟಬಹುದು!

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಇದರಲ್ಲಿ ದಾರಿಯಿದೆ. ಒಂದು ತಂಡ ವೇದಿಕೆ ಹತ್ತಬೇಕಾದರೆ ಸೌಂಡ್ ಎಂಜಿನಿಯರ್, ಲೈಟಿಂಗ್, ಪ್ರಯಾಣ ನೋಡಿಕೊಳ್ಳುವವರು, ಒಪ್ಪಂದ ಬರೆಯುವವರು, ವಿಡಿಯೊ ತೆಗೆಯುವವರು ಬೇಕು. ದೊಡ್ಡ ಕಾನ್ಸರ್ಟ್ ಕಂಪನಿಗಳು ಅನುಭವ ಇದ್ದವರನ್ನೇ ಕೇಳುತ್ತವೆ. ಆ ಅನುಭವ ಸಿಗುವುದೂ ಸಣ್ಣ ವೇದಿಕೆಯಲ್ಲೇ. ಹಾಡು ಬಾರದವರೂ ಒಂದು ತಂಡದ ಜೊತೆ ಸೇರಿಕೊಳ್ಳಬಹುದು. ನಮ್ಮ ತಂಡಕ್ಕೇ ಮೈಕಿನ ಕಿರುಚಾಟ ನಿಲ್ಲಿಸಬಲ್ಲ ಒಬ್ಬರು ತುರ್ತಾಗಿ ಬೇಕಾಗಿದ್ದಾರೆ.

ಮುಂದಿನ ಬಾರಿ ನಿಮ್ಮ ಊರಿನಲ್ಲಿ ಹೆಸರು ಕೇಳಿರದ ತಂಡವೊಂದು ನೂರು ರೂಪಾಯಿ ಟಿಕೆಟ್ ಇಟ್ಟರೆ ಹೋಗಿ ಕುಳಿತುಕೊಳ್ಳಿ. ಹಾಡು ಹಿಡಿಸದಿದ್ದರೆ ಕಾರ್ಯಕ್ರಮ ಮುಗಿದ ಮೇಲೆ ಅವರಿಗೇ ಹೇಳಿ, ಅದೂ ಅವರಿಗೆ ಬೇಕು. ಹಿಡಿಸಿದರೆ ಮುಂದಿನ ಸಲ ಇನ್ನಿಬ್ಬರನ್ನು ಕರೆತನ್ನಿ. ನಾಲ್ಕು ಕಾರ್ಯಕ್ರಮ ಆರಾಗುವುದು ಹೀಗೆಯೇ.